ರಿಪೋರ್ಟ್ ಬರುವವರೆಗೆ

ಬಯಾಪ್ಸಿಗೆ ಕೊಟ್ಟು ಬಂದ ಮನೆಯಲ್ಲಿ ಎಲ್ಲರ ಕಿವಿಯೂ ಫೋನಿನ ಕಡೆಗೇ ಇರುತ್ತದೆ. ಅಕ್ಕನ ಎಡ ಎದೆಯಲ್ಲಿ ಗಂಟು ಕೈಗೆ ಸಿಕ್ಕಿ, ಶಿವಮೊಗ್ಗದಲ್ಲಿ ಮ್ಯಾಮೋಗ್ರಾಂ ಆಗಿ, "ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ" ಎಂದು ಸರ್ಜನ್ ಹೇಳಿದ ಮೇಲೆ ನಾವು ಕಾದ ದಿನಗಳ ಬಗ್ಗೆ ಬರೆಯುತ್ತಿದ್ದೇನೆ. ಇವತ್ತು ಹಾಗೇ ಕಾಯುತ್ತಿರುವವರಿಗೆ ಇದರಿಂದ ಒಂದಿಷ್ಟು ಉಪಯೋಗವಾದರೆ ಸಾಕು.

"ರಿಪೋರ್ಟ್ ಬಂದ್ಮೇಲೆ ಫೋನ್ ಮಾಡ್ತೀವಿ" ಎಂದಷ್ಟೇ ಕೌಂಟರಿನಲ್ಲಿ ಹೇಳಿದ್ದರು. ಯಾವತ್ತು ಬರುತ್ತದೆ, ಯಾರು ಹೇಳುತ್ತಾರೆ ಎಂಬುದಿಲ್ಲ. ಅಲ್ಲಿಂದ ನಮ್ಮ ಮನಸ್ಸು ತನ್ನದೇ ಲೆಕ್ಕ ಶುರು ಮಾಡಿತು. ಬೇಗ ಬಂದರೆ ಏನಿಲ್ಲ, ತಡವಾದರೆ ಏನೋ ಇದೆ. ನಾಳೆ ಬರಬಹುದು ಅಂದುಕೊಂಡ ದಿನ ಕಳೆದು ಸಂಜೆಯಾದರೆ ಅಮ್ಮ ದೇವರ ಮನೆಯಿಂದ ಹೊರಗೇ ಬರುತ್ತಿರಲಿಲ್ಲ.

ಆ ಲೆಕ್ಕವನ್ನು ಬಿಡಿಸಿದವರು ಲ್ಯಾಬಿನ ಒಬ್ಬ ಹಿರಿಯ ಟೆಕ್ನಿಷಿಯನ್. "ಯಾಕೆ ಸರ್ ಇಷ್ಟು ದಿನ?" ಎಂದು ಕೇಳಿದ್ದಕ್ಕೆ ಗದರಲಿಲ್ಲ, ನಿಂತು ವಿವರಿಸಿದರು. ಸೂಜಿಯಲ್ಲಿ ಬಂದ ಚೂರು ದಾರದ ತುಂಡಿನಷ್ಟು ತೆಳ್ಳಗಿರುತ್ತದಂತೆ. ಅದು ಮೊದಲು ಫಾರ್ಮಲಿನ್‌ನಲ್ಲಿ ನೆನೆಯಬೇಕು. ಎದೆಯ ಚೂರಾದರೆ ಕನಿಷ್ಠ 6 ಗಂಟೆ, 72 ಗಂಟೆ ಮೀರುವಂತಿಲ್ಲ. ಆಮೇಲೆ ಆಲ್ಕೋಹಾಲಿನಲ್ಲಿಟ್ಟು ನೀರಿನಂಶ ತೆಗೆದು, ಕರಗಿಸಿದ ಮೇಣ ಹಿಡಿಸಿ, ಪುಟ್ಟ ಬ್ಲಾಕ್ ಮಾಡುತ್ತಾರೆ. ಅದನ್ನು ಯಂತ್ರದಲ್ಲಿ ಮೂರು–ನಾಲ್ಕು ಮೈಕ್ರಾನ್ ದಪ್ಪಕ್ಕೆ, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರು–ನಾಲ್ಕು ಪಾಲಿನಷ್ಟಕ್ಕೆ, ಸೀಳಿ ಗಾಜಿನ ಮೇಲೆ ಹಾಸಿ ಬಣ್ಣ ಹಾಕಬೇಕು. ಜೀವಕೋಶದ ನಡುವಿನ ಭಾಗ ನೀಲಿಯಾಗಿ, ಉಳಿದದ್ದು ಗುಲಾಬಿಯಾಗಿ ಕಾಣುತ್ತದೆ. ಅಷ್ಟೆಲ್ಲ ಆದ ಮೇಲೆ ಪೆಥಾಲಜಿಸ್ಟ್ ಕಣ್ಣಿಟ್ಟು ನೋಡುವುದು. ಸಂಶಯ ಬಂದರೆ ಮತ್ತೊಮ್ಮೆ ಸೀಳಿಸುತ್ತಾರೆ, ಇನ್ನೊಬ್ಬ ಡಾಕ್ಟರಿಗೆ ತೋರಿಸುತ್ತಾರೆ. "ತಡ ಅಂದ್ರೆ ಕೆಟ್ಟದ್ದು ಅಂತಲ್ಲಮ್ಮ, ಕೆಲಸ ನಡೀತಿದೆ ಅಂತ" ಎಂದರು.

ಇದನ್ನು ಕೇಳಿಬಂದು ಅಕ್ಕನಿಗೆ ಹೇಳಿದೆ. ರೋಗದ ಬಗ್ಗೆ ಮೊಬೈಲಿನಲ್ಲಿ ಓದಿದ್ದು ಯಾವುದೂ ಕೊಡದ ಸಮಾಧಾನವನ್ನು ಈ ಮೇಣದ ಕಥೆ ಕೊಟ್ಟಿತು. ಇಷ್ಟು ಮಂದಿಯಲ್ಲಿ ಇಷ್ಟು ಮಂದಿಗೆ ಬರುತ್ತದೆ ಎಂಬ ಅಂಕಿ ಓದಿದರೆ ನಾವು ಯಾವ ಗುಂಪಿಗೆ ಸೇರಿದವರು ಎಂಬ ಹೊಸ ಯೋಚನೆ ಹತ್ತುತ್ತದೆ. ಬಾಗಿಲ ಹಿಂದೆ ಏನು ನಡೆಯುತ್ತಿದೆ ಎಂದು ಗೊತ್ತಾದರೆ ಹಾಗಲ್ಲ. "ಇವತ್ತು ಬಣ್ಣ ಹಾಕ್ತಿರಬಹುದು" ಎಂದು ಅಕ್ಕ ಬೆಳಿಗ್ಗೆ ಕಾಫಿ ಕುಡಿಯುತ್ತಾ ಹೇಳುತ್ತಿದ್ದಳು.

ಅದು ಅಡಿಕೆ ಸುಲಿಯುವ ಕಾಲ. ಬೇಡವೆಂದರೂ ಅಕ್ಕ ಮೆಟ್ಟುಗತ್ತಿ ಎದುರಿಗಿಟ್ಟುಕೊಂಡು ಕೂತಳು. "ಸುಮ್ನೆ ಕೂತ್ರೆ ಹುಚ್ಚು ಹಿಡಿಯುತ್ತೆ ಕಣೇ, ಬುಟ್ಟಿ ಈಕಡೆ ತಳ್ಳು" ಎಂದಳು. ಹಸಿ ಅಡಿಕೆಯನ್ನು ಕತ್ತಿಯ ಮೊನೆಗೆ ಒತ್ತಿ ಸಿಪ್ಪೆ ಬಿಡಿಸುವಾಗ ಕಣ್ಣು, ಬೆರಳು ಎರಡೂ ಅಲ್ಲೇ ಇರಬೇಕು. ಸ್ವಲ್ಪ ತಪ್ಪಿದರೂ ಬೆರಳಿಗೇ ತಾಗುತ್ತದೆ. ಟೀವಿ ಎದುರು ಕೂತಾಗ ಅವಳ ಮನಸ್ಸು ಫೋನಿಗೆ ಓಡುತ್ತಿತ್ತು. ಕತ್ತಿಯ ಎದುರು ಹಾಗೆ ಓಡಲು ಬರುವುದಿಲ್ಲ. ಮನಸ್ಸನ್ನು ಪೂರ್ತಿ ಬೇಡುವ, ಕೈಯಲ್ಲಿ ಮಾಡುವ ಕೆಲಸ ಯಾವುದಾದರೂ ಸರಿ, ಕಾಯುವವರ ಕೈಯಿಂದ ಅದನ್ನು ಕಸಿದುಕೊಂಡು "ನೀನು ವಿಶ್ರಾಂತಿ ತಗೋ" ಅನ್ನಬೇಡಿ.

ಕೊನೆಗೆ ರಿಪೋರ್ಟ್ ಬಂತು. ಕ್ಯಾನ್ಸರ್ ಅಂತಲೇ ಇತ್ತು. ಆ ರಾತ್ರಿ ನಾವೆಲ್ಲ ಎದ್ದೇ ಇದ್ದೆವು, ಅಕ್ಕ ಮಾತ್ರ ಅಷ್ಟು ದಿನಗಳ ನಂತರ ಗಾಢವಾಗಿ ನಿದ್ದೆ ಮಾಡಿದಳು. ನನಗೆ ಇದು ಅರ್ಥವಾಗಲು ಸಮಯ ಹಿಡಿಯಿತು. 2016ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು ಪ್ರಕಟಿಸಿದ ಒಂದು ಪ್ರಯೋಗದ ಬಗ್ಗೆ ಆಮೇಲೆ ಓದಿದೆ. ಕಂಪ್ಯೂಟರ್ ಪರದೆಯ ಮೇಲೆ ಕಲ್ಲುಗಳು. ಕಲ್ಲಿನಡಿ ಹಾವು ಇದ್ದರೆ ಆಡುವವರ ಕೈಗೆ ನೋವಾಗುವಂಥ ಕರೆಂಟ್ ಶಾಕ್. ಶಾಕ್ ಖಂಡಿತ ಎಂದು ಗೊತ್ತಿದ್ದಾಗಿನದಕ್ಕಿಂತ, ಆಗಲೂಬಹುದು ಆಗದಿರಲೂಬಹುದು ಎಂದು ಸರಿಯಾಗಿ ಅರ್ಧಂಬರ್ಧ ಇದ್ದಾಗಲೇ ಅವರ ಮೈ ಹೆಚ್ಚು ಒತ್ತಡಕ್ಕೆ ಒಳಗಾಗುತ್ತಿತ್ತು. ಅಕ್ಕನ ನಿದ್ದೆಗೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ.

ಕಾಯುವುದು ಅಲ್ಲಿಗೇ ಮುಗಿಯಲಿಲ್ಲ. ಯಾವ ಔಷಧಿ ನಾಟುತ್ತದೆ ಎಂದು ತಿಳಿಯಲು ಅದೇ ಬ್ಲಾಕಿನಿಂದ ಇನ್ನೊಂದು ಪರೀಕ್ಷೆ ಆಯಿತು. ಅದರಲ್ಲಿ ಹರ್-2 ಎಂಬ ಪ್ರೋಟೀನಿನ ಮುಂದೆ "2+" ಎಂದು ಬರೆದಿತ್ತು. ಅಂದರೆ ಹೌದೂ ಅಲ್ಲ, ಅಲ್ಲವೂ ಅಲ್ಲ. ಖಚಿತವಾಗಲು ಫಿಶ್ ಎಂಬ ಮತ್ತೊಂದು ಪರೀಕ್ಷೆ ಮಾಡಿಸಲೇಬೇಕು. ಬ್ಲಾಕ್ ಬೆಂಗಳೂರಿಗೆ ಹೋಯಿತು. ಈ ಸಲ ನಾವು ಮೊದಲೇ ದಿನ ಕೇಳಿಕೊಂಡೆವು, ಫೋನ್ ನನ್ನ ನಂಬರಿಗೇ ಬರುವಂತೆ ಮಾಡಿದೆವು. ನೆಂಟರಿಗೆಲ್ಲ ಭಾವ ಒಂದೇ ಮಾತು ಹೇಳಿದರು: "ಬಂದ ದಿನ ನಾವೇ ತಿಳಿಸ್ತೀವಿ, ಅಲ್ಲಿವರೆಗೆ ಅವಳನ್ನ ಕೇಳ್ಬೇಡಿ." ಪ್ರೀತಿಯಿಂದಲೇ ಕೇಳುತ್ತಾರೆ, ನಿಜ. ಆದರೆ ದಿನಕ್ಕೆ ಹತ್ತು ಸಲ "ಇನ್ನೂ ಇಲ್ಲ" ಎನ್ನಬೇಕಾದವಳು ಅವಳು. ಹರ್-2 ಫಲಿತಾಂಶ ನೆಗೆಟಿವ್ ಬಂತು. ಶಸ್ತ್ರಚಿಕಿತ್ಸೆ, ರೇಡಿಯೇಷನ್ ಮುಗಿದು ಈಗ ಹಾರ್ಮೋನ್ ಮಾತ್ರೆ ನಡೆಯುತ್ತಿದೆ. ಪ್ರತಿ ಚೆಕಪ್ಪಿಗೂ ಮುಂಚಿನ ವಾರ ಅವಳ ಮುಖ ಸಣ್ಣಗಾಗುವುದು ಮಾತ್ರ ತಪ್ಪಿಲ್ಲ.

ನಿಮ್ಮ ಮನೆಯವರ ಚೂರನ್ನೂ ಪರೀಕ್ಷೆಗೆ ಕಳಿಸಿದ್ದರೆ, ಯಾವ ದಿನ ಬರುತ್ತದೆ, ಯಾರು ತಿಳಿಸುತ್ತಾರೆ, ಮುಂದಿನ ಪರೀಕ್ಷೆ ಬೇಕಾದರೆ ಇನ್ನೆಷ್ಟು ದಿನ ಹಿಡಿಯುತ್ತದೆ ಎಂದು ಅವತ್ತೇ ಸಂಕೋಚವಿಲ್ಲದೆ ಕೇಳಿ. ಬೇರೆ ಕಡೆ ತೋರಿಸಬೇಕೆನಿಸಿದರೆ ಮೇಣದ ಬ್ಲಾಕ್ ಮತ್ತು ಸ್ಲೈಡುಗಳನ್ನು ಕೇಳಿ ಪಡೆಯಬಹುದು. ಇನ್ನು ಆಸ್ಪತ್ರೆಗಳ ಕೌಂಟರಿನಲ್ಲಿ ಕೂರುವವರಲ್ಲಿ ನನ್ನದೊಂದು ಬಿನ್ನಹ: "ಬಂದ್ಮೇಲೆ ಹೇಳ್ತೀವಿ" ಎನ್ನುವ ಬದಲು ಒಂದು ತಾರೀಖು ಹೇಳಿ, ಆ ದಿನ ಬಾರದಿದ್ದರೆ ಬಂದಿಲ್ಲವೆಂದಾದರೂ ಒಂದು ಫೋನ್ ಮಾಡಿ.