ಕೀಲಿಯಿಲ್ಲದ ಕಾರೂ ದೂರದ ಗುಂಡಿಯೂ

ಕೆನಡಾ ದೇಶದ ವಿನಿಪೆಗ್ ನಗರದಲ್ಲಿ ಜನವರಿ ತಿಂಗಳ ರಾತ್ರಿಗಳಲ್ಲಿ ಉಷ್ಣತೆಯು ಶೂನ್ಯಕ್ಕಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದು ಸಾಮಾನ್ಯ. 30 ಡಿಗ್ರಿಯನ್ನೂ ದಾಟಿ ಇಳಿಯುವ ದಿನಗಳು ಅಪರೂಪವಲ್ಲ. ಅಂತಹ ಚಳಿಯಲ್ಲಿ ಹೊರಗೆ ನಿಂತ ಕಾರಿನ ಗಾಜಿನ ಮೇಲೆ ಹಿಮ ಹೆಪ್ಪುಗಟ್ಟುತ್ತದೆ. ಇಂಜಿನ್ನಿನ ಎಣ್ಣೆ ಮಂದವಾಗುತ್ತದೆ. ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನಗೊಂಡು ಅದರ ಶಕ್ತಿ ಕುಗ್ಗುತ್ತದೆ. ಆದುದರಿಂದ ಅಲ್ಲಿನವರು ಮನೆಯೊಳಗಿದ್ದುಕೊಂಡೇ ಗುಂಡಿಯೊಂದನ್ನು ಒತ್ತಿ ಇಂಜಿನ್ನನ್ನು ಚಾಲೂ ಮಾಡುವ ಸಾಧನವನ್ನು ಕಾರಿಗೆ ಅಳವಡಿಸಿಕೊಳ್ಳುತ್ತಾರೆ. ಒಡೆಯನು ಕೋಟು ತೊಟ್ಟು ಹೊರಬರುವಷ್ಟರಲ್ಲಿ ಗಾಜಿನ ಹಿಮ ಕರಗಿ, ಒಳಗೆ ಬೆಚ್ಚಗಾಗಿರುತ್ತದೆ. ನೋಡಲು ಇದು ಕೇವಲ ಸುಖಸಾಧನ. ಆದರೆ ಕೀಲಿಕೈ ತಿರುಗಿಸುವ ಅವಶ್ಯಕತೆಯಿಲ್ಲದ ಇಂದಿನ ಕಾರಿಗೆ ಇದನ್ನು ಹೊರಗಿನಿಂದ ಸೇರಿಸಹೊರಟಾಗ ಬೀಗದ ಭದ್ರತೆ ಮತ್ತು ಪ್ರಾಣದ ಭದ್ರತೆ ಎಂಬ ಎರಡು ಗಂಭೀರ ಪ್ರಶ್ನೆಗಳು ಏಳುತ್ತವೆ.

ಇಂಜಿನ್ನು ತಾನಾಗಿ ತಿರುಗಲಾರದು. ಮೊದಲ ಕೆಲವು ಸುತ್ತುಗಳನ್ನು ಯಾರಾದರೂ ತಿರುಗಿಸಿಕೊಡಬೇಕು. ಹಿಂದೆ ಈ ಕೆಲಸವನ್ನು ಕಬ್ಬಿಣದ ಹ್ಯಾಂಡಲಿನಿಂದ ಮಾಡುತ್ತಿದ್ದರು. ನಮ್ಮ ನಾಡಿನ ಹಳೆಯ ಲಾರಿ, ಬಸ್ಸುಗಳ ಮುಂದೆ ನಿಂತು ಕ್ಲೀನರನು ಹ್ಯಾಂಡಲು ತಿರುಗಿಸುತ್ತಿದ್ದುದನ್ನು ಹಿರಿಯರು ಕಂಡಿದ್ದಾರೆ. ಇಂಜಿನ್ನು ಹಿಮ್ಮುಖವಾಗಿ ಒದೆದಾಗ ಮಣಿಕಟ್ಟು ಮುರಿಯುವುದೂ ಇತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂದಿತು. ಅಂಗಡಿಗಳಲ್ಲಿ ಹಣ ದಾಖಲಿಸುವ ಯಂತ್ರಕ್ಕೆ ಮೋಟಾರು ಜೋಡಿಸಿದ್ದ ಅನುಭವದಿಂದ ಆತ ಕಂಡುಕೊಂಡ ತತ್ತ್ವ ಸರಳವಾದುದು: ಕೆಲವೇ ಕ್ಷಣ ದುಡಿಯಬೇಕಾದ ಮೋಟಾರು ಚಿಕ್ಕದಾಗಿದ್ದರೂ ಸಾಕು. ಅಲ್ಲಿಂದ ಮುಂದೆ ಕೀಲಿಕೈಯ ಒಂದು ತಿರುವಿನಿಂದ ಬ್ಯಾಟರಿಯ ವಿದ್ಯುತ್ತು ಸ್ಟಾರ್ಟರಿಗೆ ಹರಿಯುವ ಪದ್ಧತಿ ರೂಢವಾಯಿತು. ಇಂತಹ ಕಾರಿಗೆ ದೂರದಿಂದ ಚಾಲೂ ಮಾಡುವ ಸಾಧನ ಜೋಡಿಸುವುದು ಕಷ್ಟವಾಗಿರಲಿಲ್ಲ. ಕೀಲಿಯ ಹಿಂದಿನ ನಾಲ್ಕಾರು ತಂತಿಗಳಿಗೆ ರಿಲೇಗಳನ್ನು ಕೂಡಿಸಿದರೆ ಮುಗಿಯಿತು.

ಅಷ್ಟು ಸುಲಭವಾದುದು ಕಳ್ಳನಿಗೂ ಸುಲಭವೇ. ಈ ಕಾರಣಕ್ಕಾಗಿ ಇಮ್ಮೊಬಿಲೈಜರ್ ಎಂಬ ವ್ಯವಸ್ಥೆ ಬಂದಿತು. ಕೀಲಿಕೈಯೊಳಗೆ ಅಡಗಿದ ಚಿಕ್ಕ ಚಿಪ್ಪನ್ನು ಕಾರು ಗುರುತಿಸದಿದ್ದರೆ ಇಂಜಿನ್ನು ಓಡದು. ಕೆನಡಾದಲ್ಲಿ 2007ರ ಸೆಪ್ಟೆಂಬರಿನಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯವಾಯಿತು. ಗುಂಡಿ ಒತ್ತಿ ಚಾಲೂ ಮಾಡುವ ಕಾರು ಇದೇ ಮಾರ್ಗದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಇಲ್ಲಿ ಕೀಲಿಕೈ ಜೇಬಿನಲ್ಲಿಯೇ ಇರುತ್ತದೆ. ಚಾಲಕನು ಬ್ರೇಕನ್ನು ತುಳಿದು ಗುಂಡಿಯನ್ನು ಒತ್ತಿದೊಡನೆ ಕಾರಿನೊಳಗಿನ ತಂತಿಸುರುಳಿಗಳಿಂದ ಸುಮಾರು 125 ಕಿಲೋಹರ್ಟ್ಸ್ ಆವರ್ತನದ ಕ್ಷೀಣವಾದ ಕರೆಯೊಂದು ಹೊರಡುತ್ತದೆ. ಮೀಟರು ಒಂದೆರಡರ ಆಚೆಗೆ ಅದು ತಲುಪದು. ಅದನ್ನು ಕೇಳಿದ ಕೀಲಿಕೈಯು ರೇಡಿಯೋ ಅಲೆಯ ಮೂಲಕ ಉತ್ತರಿಸುತ್ತದೆ. ಉತ್ತರ ಅಮೆರಿಕದ ಅನೇಕ ಕಾರುಗಳಲ್ಲಿ ಈ ಉತ್ತರದ ಆವರ್ತನ 315 ಮೆಗಾಹರ್ಟ್ಸ್.

ವಿದ್ಯಾರ್ಥಿಗಳು ಇಲ್ಲಿ ವಿಶೇಷವಾಗಿ ಗಮನಿಸತಕ್ಕ ಅಂಶವೊಂದಿದೆ. ಕೀಲಿಕೈಯು ಪ್ರತಿಸಲವೂ ಒಂದೇ ಗುಪ್ತಪದವನ್ನು ಹೇಳುವುದಾದರೆ, ಮರೆಯಲ್ಲಿ ನಿಂತವನು ಅದನ್ನು ಕೇಳಿಸಿಕೊಂಡು ಮರುದಿನ ತಾನೂ ಹೇಳಬಹುದು. ಆದುದರಿಂದ ಕಾರು ಪ್ರತಿಸಲವೂ ಹೊಸತೊಂದು ಸಂಖ್ಯೆಯನ್ನು ಪ್ರಶ್ನೆಯಾಗಿ ಕೇಳುತ್ತದೆ. ಕೀಲಿಕೈಯು ತನ್ನಲ್ಲಿರುವ ರಹಸ್ಯಸಂಖ್ಯೆಯನ್ನು ಬಳಸಿ ಗಣಿತ ಮಾಡಿ ಉತ್ತರವನ್ನಷ್ಟೇ ಕಳಿಸುತ್ತದೆ. ಕಾರೂ ಅದೇ ಲೆಕ್ಕವನ್ನು ಮಾಡಿ ತಾಳೆ ನೋಡುತ್ತದೆ. ನಿನ್ನೆಯ ಉತ್ತರ ಇಂದಿನ ಪ್ರಶ್ನೆಗೆ ಹೊಂದುವುದಿಲ್ಲ.

ಚಾಲಕನ ಮುಂದಿರುವ ಗುಂಡಿಯಾದರೋ ಇಂಜಿನ್ನಿಗೆ ನೇರವಾಗಿ ಏನನ್ನೂ ಮಾಡುವುದಿಲ್ಲ. ಅದು ಕಾರಿನ ಗಣಕಕ್ಕೆ ಸಲ್ಲಿಸುವ ಬಿನ್ನಹ ಮಾತ್ರ. ಆದುದರಿಂದ ಹೊಸದಾಗಿ ಸೇರಿಸುವ ಸಾಧನವು ಕಾರಿಗೆ ಮೂರು ಸುಳ್ಳುಗಳನ್ನು ಹೇಳಬೇಕಾಗುತ್ತದೆ: ಬ್ರೇಕಿನ ಮೇಲೆ ಕಾಲಿದೆ, ಗುಂಡಿಯ ಮೇಲೆ ಬೆರಳಿದೆ, ಕೀಲಿಕೈ ಒಳಗಿದೆ. ಮೊದಲಿನ ಎರಡು ಸುಲಭ. ತಕ್ಕ ತಂತಿಗೆ ತಕ್ಕ ಸಂಕೇತ ಕೊಟ್ಟರಾಯಿತು. ಮೂರನೆಯದರಲ್ಲಿಯೇ ಎಲ್ಲ ಕಷ್ಟವಿದೆ.

ಇದಕ್ಕೆ ಹಳೆಯ ಉಪಾಯವೆಂದರೆ, ಕಾರಿನೊಡನೆ ಬಂದ ಎರಡು ಕೀಲಿಕೈಗಳಲ್ಲಿ ಒಂದನ್ನು ಚಿಕ್ಕ ಪೆಟ್ಟಿಗೆಯಲ್ಲಿಟ್ಟು ಡ್ಯಾಷ್‌ಬೋರ್ಡಿನ ಹಿಂದೆ ಬಚ್ಚಿಡುವುದು. ಅದು ಸದಾ ಮಾತನಾಡುತ್ತಿದ್ದರೆ ಕಾರು ಬಾಗಿಲು ಹಾಕಿಕೊಳ್ಳಲು ನಿರಾಕರಿಸುವುದರಿಂದ, ಚಾಲೂ ಮಾಡುವ ಕ್ಷಣದಲ್ಲಿ ಮಾತ್ರ ಅದಕ್ಕೆ ವಿದ್ಯುತ್ತು ದೊರೆಯುವಂತೆ ಏರ್ಪಡಿಸುತ್ತಾರೆ. ಕೆಲಸವೇನೋ ನಡೆಯುತ್ತದೆ. ಆದರೆ ಮನೆಗೆ ಭದ್ರವಾದ ಬೀಗ ಹಾಕಿ ಕೀಲಿಕೈಯನ್ನು ಹೊಸ್ತಿಲ ಬಳಿಯೇ ಹೂತಿಟ್ಟ ಗೃಹಸ್ಥನ ಜಾಣತನ ಇದು.

ಎರಡನೆಯ ಉಪಾಯ ಹೆಚ್ಚು ಸೂಕ್ಷ್ಮವಾದುದು. ಇಂದಿನ ಕಾರಿನ ನಾನಾ ಅಂಗಗಳ ಗಣಕಗಳು ಜರ್ಮನಿಯ ಬಾಷ್ ಸಂಸ್ಥೆಯು 1986ರಲ್ಲಿ ಪ್ರಕಟಪಡಿಸಿದ ಕ್ಯಾನ್ ಎಂಬ ಪದ್ಧತಿಯಂತೆ, ಹೆಣೆದ ಎರಡು ತಂತಿಗಳ ಮೇಲೆ ಪರಸ್ಪರ ಸಂದೇಶ ಕಳಿಸಿಕೊಳ್ಳುತ್ತವೆ. ಈ ತಂತಿಗಳಿಗೆ ಒಂದು ಘಟಕವನ್ನು ಜೋಡಿಸಿ, ಒಡೆಯನ ನಿಜವಾದ ಕೀಲಿಕೈಯನ್ನು ಎದುರಿಗಿಟ್ಟುಕೊಂಡು, ಅದರ ಉತ್ತರ ಕೊಡುವ ವಿಧಾನವನ್ನು ಘಟಕಕ್ಕೆ ಕಲಿಸುತ್ತಾರೆ. ಅನಂತರ ಘಟಕವೇ ಕೀಲಿಕೈಯಂತೆ ವರ್ತಿಸುತ್ತದೆ. ಪ್ರತಿ ತಯಾರಕನ ಪ್ರತಿ ಮಾದರಿಯ ಭಾಷೆ ಬೇರೆಯಾದುದರಿಂದ, ಒಂದು ವರ್ಷದ ಕಾರಿಗೆ ಒಗ್ಗಿದ ಘಟಕವು ಮುಂದಿನ ವರ್ಷದ ಅದೇ ಹೆಸರಿನ ಕಾರಿಗೆ ಒಗ್ಗದೆ ಹೋಗಬಹುದು. ಕಂಡ ತಂತಿಯನ್ನು ಕತ್ತರಿಸಿ ಕೂಡಿಸುವ ಕೈಗಳಿಗೆ ಇದು ಸಲ್ಲುವ ಕೆಲಸವಲ್ಲ.

ಕಾರು ಮೋಸ ಹೋಗುವ ಸಂಭವವನ್ನು ಪಂಡಿತರು ಪರೀಕ್ಷಿಸಿಯೂ ನೋಡಿದ್ದಾರೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಬಂಧದಂತೆ, 8 ತಯಾರಕರ 10 ಮಾದರಿಯ ಕಾರುಗಳನ್ನು ಅವರು ಕೀಲಿಕೈ ಮುಟ್ಟದೆಯೇ ತೆರೆದು ಚಾಲೂ ಮಾಡಿದ್ದರು. ರಹಸ್ಯಸಂಖ್ಯೆಯನ್ನು ಅವರು ಭೇದಿಸಲಿಲ್ಲ. ಕಾರಿನ ಕ್ಷೀಣವಾದ ಕರೆಯನ್ನು ದೂರದಲ್ಲಿದ್ದ ಕೀಲಿಕೈಯವರೆಗೆ ಒಯ್ದು ಮುಟ್ಟಿಸಿದರು, ಅಷ್ಟೆ. ಸಾಮೀಪ್ಯವನ್ನೇ ಸಾಕ್ಷಿಯೆಂದು ನಂಬಿದ ವ್ಯವಸ್ಥೆಯ ದೌರ್ಬಲ್ಯ ಅಲ್ಲಿ ಹೊರಬಿದ್ದಿತು.

ಇನ್ನು ಇಂಜಿನ್ನು ಓಡತೊಡಗಿದ ಮೇಲಿನ ಮಾತು. ಸ್ಟಾರ್ಟರನ್ನು ಎಷ್ಟು ಹೊತ್ತು ತಿರುಗಿಸಬೇಕೆಂಬುದನ್ನು ಗುಂಡಿಯ ಕಾರಿನಲ್ಲಿ ಗಣಕವೇ ನೋಡಿಕೊಳ್ಳುತ್ತದೆ. ಆದರೆ ಬಾನೆಟ್ಟಿನ ಕೆಳಗೆ ಒಂದು ಚಿಕ್ಕ ಸ್ವಿಚ್ಚನ್ನು ಇಡಲೇಬೇಕು. ಮೆಕ್ಯಾನಿಕನು ಬಾನೆಟ್ಟು ತೆರೆದು ಬೆಲ್ಟಿನ ಬಳಿ ಕೈಯಿಟ್ಟಿರುವಾಗ ಒಳಗಿನ ಕೋಣೆಯಿಂದ ಯಾರೋ ಗುಂಡಿ ಒತ್ತಿದರೆ ಅವನ ಬೆರಳುಗಳ ಗತಿಯೇನು? ಗೇರುಗಳನ್ನು ಕೈಯಿಂದ ಬದಲಿಸುವ ಕಾರಿನಲ್ಲಿ ಇನ್ನೊಂದು ಅಪಾಯವುಂಟು. ಗೇರಿನಲ್ಲಿಯೇ ಬಿಟ್ಟ ಕಾರು ಚಾಲೂ ಆದೊಡನೆ ಮುಂದಕ್ಕೆ ನೆಗೆಯುತ್ತದೆ. ಇದನ್ನು ತಪ್ಪಿಸಲು ರೂಢಿಗೆ ಬಂದ ಕ್ರಮ ಮೆಚ್ಚತಕ್ಕದ್ದು. ಚಾಲಕನು ಗೇರನ್ನು ನ್ಯೂಟ್ರಲಿಗೆ ತಂದು, ಹ್ಯಾಂಡ್‌ಬ್ರೇಕು ಎಳೆದು, ಇಂಜಿನ್ನು ಓಡುತ್ತಿರುವಾಗಲೇ ಇಳಿದು ಬಾಗಿಲು ಮುಚ್ಚುತ್ತಾನೆ. ಅನಂತರ ಸಾಧನವೇ ಇಂಜಿನ್ನನ್ನು ನಿಲ್ಲಿಸುತ್ತದೆ. ಇಂಜಿನ್ನು ಓಡುತ್ತಿದ್ದರೂ ಕಾರು ಕದಲಲಿಲ್ಲವೆಂಬುದೇ ಗೇರು ಬಿಟ್ಟಿದೆಯೆನ್ನುವುದಕ್ಕೆ ಪ್ರಮಾಣ. ಆಮೇಲೆ ಯಾವುದಾದರೂ ಬಾಗಿಲು ಒಮ್ಮೆ ತೆರೆದರೂ ಆ ಸಿದ್ಧತೆ ರದ್ದಾಗುತ್ತದೆ.

ಒಡೆಯನು ಬಂದು ಬಾಗಿಲು ತೆರೆದಾಗ ಸುಳ್ಳು ಮುಗಿದು ನಿಜ ಆರಂಭವಾಗಬೇಕು. ಕೆಲವು ಕಾರುಗಳಲ್ಲಿ ಜೇಬಿನ ಕೀಲಿಕೈಯನ್ನು ಗುರುತಿಸಿ ಇಂಜಿನ್ನು ಹಾಗೆಯೇ ಓಡುತ್ತಿರುತ್ತದೆ. ಇನ್ನು ಕೆಲವದರಲ್ಲಿ ಬಾಗಿಲು ತೆರೆದೊಡನೆ ನಿಲ್ಲುತ್ತದೆ. ಇದನ್ನು ದೋಷವೆಂದು ಹಲವರು ದೂರುವುದುಂಟು. ವಾಸ್ತವವಾಗಿ ಕಳ್ಳನು ಓಡುತ್ತಿರುವ ಕಾರನ್ನೇರಿ ಹೋಗದಂತೆ ಅದು ತಡೆಯುತ್ತದೆ.

ಎಲ್ಲಕ್ಕಿಂತ ಘೋರವಾದ ಅಪಾಯವು ಕಣ್ಣಿಗೆ ಕಾಣದು, ಮೂಗಿಗೂ ತಿಳಿಯದು. ಅದು ಕಾರ್ಬನ್ ಮೊನಾಕ್ಸೈಡ್ ಅನಿಲ. ತಣ್ಣಗಿರುವ ಇಂಜಿನ್ನಿಗೆ ಹೆಚ್ಚು ಪೆಟ್ರೋಲು ಸೇರುವುದರಿಂದಲೂ, ಹೊಗೆಯನ್ನು ಶುದ್ಧಗೊಳಿಸುವ ಭಾಗವು ಇನ್ನೂ ಕಾದಿರದ ಕಾರಣದಿಂದಲೂ ಮೊದಲ ನಿಮಿಷಗಳಲ್ಲಿ ಈ ಅನಿಲ ಅಧಿಕವಾಗಿ ಹೊರಬರುತ್ತದೆ. ರಕ್ತದ ಹಿಮೋಗ್ಲೋಬಿನ್ನು ಇದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುತ್ತದೆ. ಉತ್ತರ ಅಮೆರಿಕದ ಅನೇಕ ಮನೆಗಳಲ್ಲಿ ಗ್ಯಾರೇಜು ಮನೆಗೆ ಅಂಟಿಕೊಂಡೇ ಇರುತ್ತದೆ. ಕೀಲಿಯನ್ನು ತಿರುಗಿಸಿ ತೆಗೆಯುವ ಕ್ರಿಯೆಯೇ ಇಲ್ಲವಾದುದರಿಂದ, ಸದ್ದಿಲ್ಲದೆ ಓಡುತ್ತಿರುವ ಇಂಜಿನ್ನನ್ನು ಮರೆತು ಜನರು ಒಳಗೆ ಹೋಗಿ ಮಲಗಿದ ಪ್ರಸಂಗಗಳು ನಡೆದಿವೆ. 2006ರಿಂದ ಮೊದಲ್ಗೊಂಡು ಕನಿಷ್ಠ 28 ಮಂದಿ ಹೀಗೆ ಮೃತಪಟ್ಟರೆಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು 2018ರಲ್ಲಿ ವರದಿ ಮಾಡಿತು. ಇಂತಹ ಕಾರುಗಳ ಇಂಜಿನ್ನು ನಿರ್ದಿಷ್ಟ ಅವಧಿಯ ಅನಂತರ ತಾನಾಗಿ ನಿಲ್ಲುವಂತೆ ನಿಯಮ ರಚಿಸಬೇಕೆಂದು ಅಮೆರಿಕದ 2021ರ ಶಾಸನವೊಂದು ವಿಧಿಸಿತು. ದೂರದ ಗುಂಡಿಯಾದರೆ ಜೇಬಿನಲ್ಲಿ ಅರಿವಿಲ್ಲದೆಯೇ ಒತ್ತಿಹೋಗಬಹುದು. ಆದುದರಿಂದ ಹತ್ತು ಹದಿನೈದು ನಿಮಿಷಗಳಲ್ಲಿ ಇಂಜಿನ್ನನ್ನು ತಾನೇ ನಿಲ್ಲಿಸುವ ಗಡಿಯಾರವಿಲ್ಲದ ಸಾಧನವನ್ನು ಕೊಳ್ಳಲೇಬಾರದು. ಗಡಿಯಾರವಿದ್ದರೂ ಗ್ಯಾರೇಜಿನಲ್ಲಿ ಅದನ್ನು ಬಳಸಬಾರದು. ಗ್ಯಾರೇಜಿನ ಬಾಗಿಲು ತೆರೆದಿರುವುದು ರಕ್ಷಣೆಯಲ್ಲ.

ಕರ್ನಾಟಕದಲ್ಲಿ ಇದರ ಉಪಯೋಗ ತಿರುಗುಮುರುಗಾಗಿದೆ. ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟಿದಾಗ, ಬಿಸಿಲಲ್ಲಿ ನಿಂತ ಕಾರನ್ನು ತಂಪುಗೊಳಿಸಲು ಇಂಜಿನ್ನನ್ನು ಮೊದಲೇ ಚಾಲೂ ಮಾಡುವರು. ಭಾರತದಲ್ಲಿ 2019ರಲ್ಲಿ ಬಂದ ಹ್ಯುಂಡೈ ವೆನ್ಯೂ, ಕಿಯಾ ಸೆಲ್ಟೋಸ್ ಕಾರುಗಳ ಕೆಲವು ಮಾದರಿಗಳಲ್ಲಿ ಫೋನಿನ ಮೂಲಕ ಹೀಗೆ ಮಾಡುವ ಅನುಕೂಲವನ್ನು ತಯಾರಕರೇ ಒದಗಿಸಿದರು. ಆದರೆ 1988ರ ಮೋಟಾರು ವಾಹನಗಳ ಕಾಯಿದೆಯ 126ನೆಯ ಕಲಮಿನ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ನಿಂತ ವಾಹನದ ಚಾಲಕನ ಆಸನದಲ್ಲಿ ಲೈಸೆನ್ಸುಳ್ಳ ವ್ಯಕ್ತಿ ಇರಬೇಕು. ಇಲ್ಲವಾದರೆ ಯಂತ್ರವನ್ನು ನಿಲ್ಲಿಸಿ ಬ್ರೇಕು ಹಾಕಿರಬೇಕು. ಆದುದರಿಂದ ಸ್ವಂತ ಮನೆಯ ತೆರೆದ ಅಂಗಳದಲ್ಲಿ ಸಲ್ಲುವ ಈ ಗುಂಡಿಯು ಸಂತೆಯ ದಿನ ಬಜಾರಿನ ಬದಿಯಲ್ಲಿ ನಿಲ್ಲಿಸಿದ ಕಾರಿಗೆ ಸಲ್ಲುವುದಿಲ್ಲ.