ಗೆಂಡೆ ಮೀನಿಗೆ ಗಾಳ, ಕಟ್ಟು, ಎರೆ



ಉಳಿತಾಯದ ಲೆಕ್ಕ, ಅಣಬೆ ಬೇಸಾಯ, ಮಕ್ಕಳ ಚುಚ್ಚುಮದ್ದು ಎಂದು ಪಾಠ ಬರುವ ಈ ಹಾಳೆಯಲ್ಲಿ ಗಾಳದ ಪಾಠ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ನಂದಿನಿ ಲೇಔಟ್, ಲಗ್ಗೆರೆ, ಗೊರಗುಂಟೆಪಾಳ್ಯದ ಕಡೆ ಮನೆಭೇಟಿಗೆ ಹೋದಾಗ ನಮ್ಮ ಕಣ್ಣಿಗೆ ಬೀಳುವ ವಿಷಯ ಇದು. ವಾರವಿಡೀ ಪೀಣ್ಯದ ಶೆಡ್ಡುಗಳಲ್ಲಿ ಲೇತ್ ಮುಂದೆ ನಿಂತು ದುಡಿಯುವ ಅಣ್ಣಂದಿರು ಭಾನುವಾರ ಪೂಜೆ ಮುಗಿಸಿ ಗಾಳದ ಕೋಲು ಹಿಡಿದು ಕೆರೆ ಹುಡುಕಿಕೊಂಡು ಹೋಗ್ತಾರೆ. ಹೋಗಲಿ, ಬೇರೆ ಕಡೆ ಹೋಗೋದಕ್ಕಿಂತ ಇದು ಒಳ್ಳೆಯದೇ. ಆದರೆ ಮನೆಯ ಹೆಣ್ಣುಮಕ್ಕಳು ನಮ್ಮನ್ನು ಎರಡು ಪ್ರಶ್ನೆ ಕೇಳ್ತಾರೆ. "ಸಿಸ್ಟರ್, ಗಾಳಕ್ಕೆ, ದಾರಕ್ಕೆ ಇಷ್ಟು ದುಡ್ಡು ಸುರೀತಾರೆ, ಮೀನು ಮಾತ್ರ ಬರೋದಿಲ್ಲ, ಯಾಕೆ?" ಇದು ಮೊದಲನೆಯದು. "ಬಂದ ದಿನ ಸಾರು ಮಾಡಿ ಮಕ್ಕಳಿಗೆ ಬಡಿಸಬಹುದಾ?" ಇದು ಎರಡನೆಯದು. ಎರಡನೆಯದು ದೊಡ್ಡದು, ಆದ್ದರಿಂದ ಅದನ್ನೇ ಮೊದಲು ನೋಡೋಣ.

ಯಾವ ನೀರು?

ಪೀಣ್ಯದ ಕಡೆಯಿಂದ ಹರಿಯುವ ರಾಜಕಾಲುವೆಯ ನೀರು ವೃಷಭಾವತಿಗೆ ಸೇರಿ, ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗುತ್ತದೆ. ಊರಿನ ಕೊಳಚೆಯ ಜೊತೆಗೆ ಕಾರ್ಖಾನೆಯ ನೀರೂ ಅದರಲ್ಲಿದೆ. ಎಲೆಕ್ಟ್ರೋಪ್ಲೇಟಿಂಗ್ ಕೆಲಸದಲ್ಲಿ ಇರುವವರಿಗೆ ತೊಟ್ಟಿಯಿಂದ ಏನು ಹೊರಗೆ ಹೋಗುತ್ತದೆ ಎಂದು ನಾವು ಹೇಳಿಕೊಡಬೇಕಾಗಿಲ್ಲ. ಸೀಸ, ಕ್ರೋಮಿಯಂ, ಕ್ಯಾಡ್ಮಿಯಂನಂಥ ಲೋಹಗಳು ಕೆರೆಯ ತಳದ ಕೆಸರಿನಲ್ಲಿ ಕೂರುತ್ತವೆ. ಆ ಕೆಸರನ್ನೇ ಕೆದಕಿ ತಿನ್ನುವ ಮೀನಿನ ಮೈಯಲ್ಲಿ ಅವು ಸೇರಿಕೊಳ್ಳುತ್ತವೆ. ಉಪ್ಪು, ಅರಿಸಿನ, ಹುಣಸೆಹುಳಿ ಹಾಕಿ ಹತ್ತು ಸಲ ತೊಳೆದರೂ ವಾಸನೆ ಹೋಗಬಹುದು, ಲೋಹ ಹೋಗುವುದಿಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಸೀಸ ಸಾಯುವುದಿಲ್ಲ. ಬೆಳೆಯುವ ಮಗುವಿಗೂ ಬಸುರಿಗೂ ಇದರ ಅಪಾಯ ಹೆಚ್ಚು. ಆದ್ದರಿಂದ ನೊರೆ ಬರುವ, ಕಪ್ಪು ನೀರಿನ, ರಾಜಕಾಲುವೆ ನೇರವಾಗಿ ಬಂದು ಬೀಳುವ ಕೆರೆಯ ಮೀನು ಅಡುಗೆಮನೆಗೆ ಬೇಡ. ಸತ್ತು ತೇಲಿದ ಮೀನಂತೂ ಬೇಡವೇ ಬೇಡ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದ್ದು ಹಲವರಿಗೆ ನೆನಪಿರಬಹುದು.

ಇನ್ನೊಂದು ಮಾತು. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಹರಿಯುವ ಹೊಳೆಯಲ್ಲಿ ಮಳೆಗಾಲಕ್ಕೆ ಮೊಟ್ಟೆ ಇಡುತ್ತವೆ, ನಿಂತ ಕೆರೆಯಲ್ಲಿ ಸಾಮಾನ್ಯವಾಗಿ ಇಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧರಿ ಎಂಬ ವಿಜ್ಞಾನಿ ಹಾರ್ಮೋನ್ ಚುಚ್ಚಿ ಇವುಗಳಿಂದ ಮೊಟ್ಟೆ ಇಡಿಸುವ ವಿಧಾನ ಕಂಡುಕೊಂಡ ಮೇಲೆಯೇ ಊರೂರಿನ ಕೆರೆಗೆ ಮರಿ ಬಿಡಲು ಸಾಧ್ಯವಾಯಿತು. ಅಂದರೆ ನೀವು ನೋಡುವ ಕೆರೆಯ ಕಾಟ್ಲಾ ತಾನಾಗಿ ಬಂದದ್ದಲ್ಲ. ಮೀನುಗಾರರ ಸಹಕಾರ ಸಂಘವೋ ಗುತ್ತಿಗೆದಾರನೋ ಸಾಲ ಮಾಡಿ ಮರಿ ಕೊಂಡು ಬಿಟ್ಟದ್ದು. ಅದನ್ನು ಕೇಳದೆ ಹಿಡಿಯುವುದು ಇನ್ನೊಂದು ಬಡ ಮನೆಯ ಹೊಲದಲ್ಲಿ ತೆನೆ ಕೊಯ್ದ ಹಾಗೆ. ಮೀನುಗಾರಿಕೆ ಇಲಾಖೆಯ ಅನುಮತಿ ಅಥವಾ ಗುತ್ತಿಗೆದಾರರ ಒಪ್ಪಿಗೆ ಪಡೆದೇ ಕೂರಿ. ದಿನಕ್ಕೆ ಇಷ್ಟು ಎಂದು ಹಣ ಪಡೆದು ಗಾಳ ಹಾಕಲು ಬಿಡುವ ಖಾಸಗಿ ಹೊಂಡಗಳೂ ಇವೆ. ಇನ್ನು ಜಲಾಶಯಗಳು. ಮಂಚನಬೆಲೆಯಲ್ಲಿ ಯುವಕರು ಮುಳುಗಿ ಸತ್ತ ಸುದ್ದಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬಂದಿದೆ. ಈಜು ಬಾರದವರು ಅಂಥ ಕಡೆ ಇಳಿಯುವ ಮಾತೇ ಬೇಡ, ಒಬ್ಬರೇ ಹೋಗುವುದೂ ಬೇಡ.

ಮೀನಿನ ಬಾಯಿ

ಶುಭಸಂದೇಶಗಳಲ್ಲಿ ಬಲೆಯ ಮಾತು ಹಲವು ಸಲ ಬರುತ್ತದೆ, ಗಾಳದ ಮಾತು ಒಂದೇ ಕಡೆ, ಮತ್ತಾಯನ 17ನೇ ಅಧ್ಯಾಯದ ಕೊನೆಯಲ್ಲಿ. ದೇವಾಲಯದ ತೆರಿಗೆ ಕಟ್ಟಲು ಯೇಸುಸ್ವಾಮಿ ಪೇತ್ರನಿಗೆ ಗಾಳ ಹಾಕಲು ಹೇಳುತ್ತಾರೆ, ಮೊದಲು ಸಿಕ್ಕಿದ ಮೀನಿನ ಬಾಯಿ ತೆರೆದು ನೋಡಲು ಹೇಳುತ್ತಾರೆ. ಗಾಳ ಹಾಕುವವರೆಲ್ಲ ಮಾಡಬೇಕಾದ ಕೆಲಸ ಅದೇ, ಬಾಯಿ ನೋಡುವುದು. ನಾಣ್ಯ ಸಿಗಲಿಕ್ಕಿಲ್ಲ, ಆದರೆ ಯಾವ ಗಾಳ, ಯಾವ ಎರೆ ಎಂಬ ಉತ್ತರ ಅಲ್ಲಿದೆ.

ಕಾಟ್ಲಾದ ತಲೆ ದೊಡ್ಡದು, ಬಾಯಿ ಮೇಲ್ಮುಖ, ಮೀಸೆ ಇಲ್ಲ. ಅದು ನೀರಿನ ಮೇಲ್ಪದರದಲ್ಲಿ ಸಣ್ಣ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ. ರೋಹು ನಡುನೀರಿನದು, ತುಟಿಯ ಅಂಚು ಜಾಲರಿಯ ಹಾಗೆ, ಪಾಚಿ, ಸೊಪ್ಪು ಮೆಲ್ಲುತ್ತದೆ. ಮೃಗಾಲ್ ತಳದ ಮೀನು. ಸಾಮಾನ್ಯ ಗೆಂಡೆಗೆ ಎರಡು ಜೊತೆ ಮೀಸೆ, ಬಾಯಿಯನ್ನು ಕೊಳವೆಯ ಹಾಗೆ ಮುಂದಕ್ಕೆ ಚಾಚಿ ಕೆಸರಿನ ಸಮೇತ ಹೀರುತ್ತದೆ, ಬೇಕಾದ್ದು ಇಟ್ಟುಕೊಂಡು ಬೇಡದ್ದು ಉಗುಳುತ್ತದೆ. ಇದು ನಮ್ಮ ನಾಡಿನ ಮೀನಲ್ಲ. ಒಂದು ತಳಿ 1939ರಲ್ಲಿ ಸಿಲೋನಿನಿಂದ ನೀಲಗಿರಿಗೂ ಇನ್ನೊಂದು 1957ರಲ್ಲಿ ಬ್ಯಾಂಕಾಕಿನಿಂದಲೂ ಬಂತು. ಗೆಂಡೆ ಜಾತಿಯ ಯಾವುದಕ್ಕೂ ದವಡೆಯಲ್ಲಿ ಹಲ್ಲಿಲ್ಲ, ಇರುವುದು ಗಂಟಲಿನಲ್ಲಿ. ಹಾಗಾಗಿ ಇವು ಕಚ್ಚಿ ಎಳೆಯುವ ಮೀನಲ್ಲ, ಹೀರಿ ನೋಡುವ ಮೀನು. ಗಾಳ ಭಾರ ಅನ್ನಿಸಿದರೆ, ಎರೆ ಹುಳಿತಿದ್ದರೆ, ಉಗುಳಿ ಹೋಗುತ್ತದೆ. ನಿಮ್ಮ ಬೆಂಡು ಒಂದಿಷ್ಟು ಅಲುಗಿ ಸುಮ್ಮನಾಗುವುದು ಇದಕ್ಕೇ.

ಗಾಳ

ಗಾಳದ ನಂಬರು ತಿರುಗುಮುರುಗು. ನಂಬರು ಹೆಚ್ಚಾದಷ್ಟು ಗಾಳ ಚಿಕ್ಕದು, 10ಕ್ಕಿಂತ 6 ದೊಡ್ಡದು, 6ಕ್ಕಿಂತ 2 ದೊಡ್ಡದು. 1ರ ನಂತರ 1/0, 2/0 ಎಂದು ಬೆಳೆಯುತ್ತಾ ಹೋಗುತ್ತದೆ. ಇದು ಗೊತ್ತಿಲ್ಲದೆ "ದೊಡ್ಡ ನಂಬರು ಕೊಡಿ" ಎಂದು ಕೇಳಿ ಸೊಳ್ಳೆಯಂಥ ಗಾಳ ತರುವವರಿದ್ದಾರೆ. ಅರ್ಧದಿಂದ ಒಂದು ಕೆಜಿಯ ಮೀನಿಗೆ 8 ಅಥವಾ 6, ಎರಡು ಮೂರು ಕೆಜಿಗೆ 4, ಅದಕ್ಕಿಂತ ದೊಡ್ಡದಕ್ಕೆ 2 ಸಾಕು. ದೊಡ್ಡ ಮೀನಿನ ಆಸೆಗೆ ದೊಡ್ಡ ಗಾಳ ಹಾಕುವುದೇ ಹೆಚ್ಚಿನವರ ದುಡ್ಡು ಹಾಳಾಗುವ ದಾರಿ. ಎರೆಯ ಅಳತೆಗೆ ಗಾಳ ಇರಬೇಕು, ಮುಳ್ಳಿನ ತುದಿ ಎರೆಯ ಹೊರಗೆ ಒಂದಿಷ್ಟು ಇಣುಕಬೇಕು. ಚೂಪು ನೋಡಲು ತುದಿಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆಯಿರಿ. ಜಾರಿದರೆ ಮೊಂಡಾಗಿದೆ, ನಿಂತರೆ ಸರಿ.

ತುದಿಯ ಒಳಗೆ ಹಿಂದಕ್ಕೆ ಬಾಗಿದ ಚಿಕ್ಕ ಮುಳ್ಳಿರುತ್ತದೆ, ಹಿಮ್ಮುಳ್ಳು. ಅದನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ ಎಂಬುದು ನಮ್ಮ ಸಲಹೆ. ದಾರ ಬಿಗಿಯಾಗಿ ಹಿಡಿದರೆ ಮೀನು ತಪ್ಪುವುದಿಲ್ಲ. ಮರಿ ಸಿಕ್ಕರೆ ಬಾಯಿ ಹರಿಯದೆ ಬಿಡಬಹುದು. ನಿಮ್ಮ ಬೆರಳಿಗೆ ಚುಚ್ಚಿದಾಗಲೂ ಇದರ ಬೆಲೆ ತಿಳಿಯುತ್ತದೆ.

ಕಟ್ಟು

ಗಾಳ, ಗುಂಡು, ಬೆಂಡು, ದಾರ ಸೇರಿಸಿ ಕಟ್ಟುವ ಕ್ರಮಕ್ಕೆ ಅಂಗಡಿಯವರು ರಿಗ್ ಅಂತಾರೆ, ನಾವು ಕಟ್ಟು ಎನ್ನೋಣ. ಮೀನು ಯಾವ ಪದರದಲ್ಲಿ ತಿನ್ನುತ್ತದೋ ಆ ಪದರದಲ್ಲಿ ಎರೆ ನಿಲ್ಲಿಸುವುದಷ್ಟೇ ಕಟ್ಟಿನ ಕೆಲಸ. ಕಾಟ್ಲಾ, ರೋಹುಗೆ ಬೆಂಡಿನ ಕಟ್ಟು. ಬೆಂಡನ್ನು ಮೇಲೆ ಕೆಳಗೆ ಜರುಗಿಸಿ ಆಳ ಬದಲಿಸಬಹುದು. ಬೆಳಿಗ್ಗೆ ಎರಡು ಅಡಿಯಲ್ಲಿ ನೋಡಿ, ಬಾರದಿದ್ದರೆ ನಾಲ್ಕು ಅಡಿ.

ಮೃಗಾಲ್, ಸಾಮಾನ್ಯ ಗೆಂಡೆಗೆ ತಳದ ಕಟ್ಟು. ನಡುವೆ ತೂತಿರುವ ಗುಂಡನ್ನು ದಾರದಲ್ಲಿ ಪೋಣಿಸಿ, ಗಾಳಕ್ಕಿಂತ ಒಂದು ಗೇಣು ಮೇಲೆ ಚಿಕ್ಕ ತಡೆಗಂಟು ಹಾಕಿ. ಮೀನು ಎರೆ ಎಳೆದಾಗ ದಾರ ಗುಂಡಿನ ಒಳಗೆ ಜಾರುತ್ತದೆ, ಭಾರ ಗೊತ್ತಾಗುವುದಿಲ್ಲ, ಹೆದರುವುದಿಲ್ಲ. ಐದಾರು ಕೆಜಿ ತಡೆಯುವ ತಂಗೂಸಿ, ಅಂದರೆ ನೈಲಾನ್ ದಾರ, ಸಾಕು. ಗಾಳ ಕಟ್ಟುವ ಕೊನೆಯ ತುಂಡು ಮಾತ್ರ ಇದಕ್ಕಿಂತ ಸ್ವಲ್ಪ ತೆಳು ಇರಲಿ. ಬಂಡೆಗೆ ಸಿಕ್ಕಿದರೆ ಅದೊಂದೇ ಹರಿಯುತ್ತದೆ, ಇಡೀ ದಾರ ನೀರಿನಲ್ಲಿ ಉಳಿಯುವುದಿಲ್ಲ.

1980ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಹುಟ್ಟಿದ ಒಂದು ಉಪಾಯವನ್ನೂ ಕಲಿಯಬಹುದು. ಎರೆಯನ್ನು ಗಾಳಕ್ಕೆ ಚುಚ್ಚದೆ, ಗಾಳದ ಬುಡದಿಂದ ಕೂದಲಿನಂಥ ಸಣ್ಣ ದಾರ ಇಳಿಬಿಟ್ಟು ಅದಕ್ಕೆ ಜೋಳದ ಕಾಳು ಪೋಣಿಸುವುದು. ಮೀನು ಕಾಳನ್ನು ಹೀರಿದಾಗ ಬರಿಗಾಳ ಹಿಂದೆಯೇ ಬಾಯೊಳಗೆ ಹೋಗುತ್ತದೆ, ಉಗುಳುವಾಗ ಕೆಳತುಟಿಗೆ ಸಿಗುತ್ತದೆ. ಹೊಲಿಗೆ ತರಬೇತಿಗೆ ಬರುವ ನಮ್ಮ ಹೆಣ್ಣುಮಕ್ಕಳ ಕೈಯಿಗೆ ಈ ಗಂಟು ಐದು ನಿಮಿಷದ ಕೆಲಸ, ಅಣ್ಣಂದಿರು ಅವರನ್ನು ಕೇಳಿ ಕಲಿತರೆ ತಪ್ಪಿಲ್ಲ.

ನಮಗೆ ಹಿಡಿಸದ ಕಟ್ಟು ಒಂದಿದೆ. ಸ್ಪ್ರಿಂಗಿನ ಸುತ್ತ ಹಿಟ್ಟಿನ ಉಂಡೆ ಮೆತ್ತಿ, ನಾಲ್ಕಾರು ಗಾಳಗಳನ್ನು ಅದರೊಳಗೆ ಅಡಗಿಸುವುದು. ಕಾಟ್ಲಾ ಬರುತ್ತದೆ, ಸುಳ್ಳಲ್ಲ. ಆದರೆ ಒಂದು ಗಾಳ ಬಾಯಿಗೆ, ಇನ್ನೊಂದು ಕಣ್ಣಿಗೆ, ಮತ್ತೊಂದು ಕಿವಿರಿಗೆ ಸಿಗುತ್ತದೆ. ದಾರ ಹರಿದರೆ ಆ ಮೀನು ಗಾಳದ ಗೊಂಚಲು ಎಳೆದುಕೊಂಡು ಸಾಯುತ್ತದೆ, ಅದನ್ನು ನುಂಗಿದ ಹಕ್ಕಿಯೂ ಸಾಯಬಹುದು. ಒಂದು ದಾರಕ್ಕೆ ಒಂದು ಗಾಳ ಸಾಕು.

ಎರೆ

ಇಲ್ಲಿ ಅಂಗಡಿಗಿಂತ ನಮ್ಮ ಅಡುಗೆಮನೆ ದೊಡ್ಡದು. ಕಾವೇರಿಯ ಗಲಿಬೋರೆ, ಭೀಮೇಶ್ವರಿ ಕಡೆ ದೇಶವಿದೇಶದವರು ಬಂದು ಮಾಹಸೀರ್ ಎಂಬ ದೈತ್ಯ ಮೀನಿಗೆ ಗಾಳ ಹಾಕುತ್ತಿದ್ದ ಕಾಲದಲ್ಲಿ, ಅವರ ದುಬಾರಿ ಕೋಲಿನ ತುದಿಯಲ್ಲಿ ಇರುತ್ತಿದ್ದದ್ದು ನಮ್ಮ ರಾಗಿಮುದ್ದೆಯೇ. ಮಾಹಸೀರೂ ಗೆಂಡೆಯ ಬಳಗದ್ದು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು, ಸುಮಾರು 54 ಕೆಜಿ. ಈಗ ಕಾವೇರಿಯ ಆ ಡುಬ್ಬದ ಮಾಹಸೀರ್ ಅಳಿವಿನ ಅಂಚಿನಲ್ಲಿದೆ, ವನ್ಯಧಾಮದೊಳಗೆ ಗಾಳ ಹಾಕುವುದೂ ನಿಂತಿದೆ. ಅದನ್ನು ಹಿಡಿಯುವ ಯೋಚನೆ ಬೇಡ. ಮುದ್ದೆಯ ಪಾಠ ಮಾತ್ರ ತೆಗೆದುಕೊಳ್ಳೋಣ.

ಊಟದ ಮುದ್ದೆಗಿಂತ ಗಟ್ಟಿಯಾಗಿ ರಾಗಿಹಿಟ್ಟು ಕಲಸಿ, ಉಂಡೆ ಮಾಡಿ, ಕುದಿಯುವ ನೀರಿನಲ್ಲಿ ಬೇಯಿಸಿ. ಆರಿದ ಮೇಲೆ ಚೆನ್ನಾಗಿ ನಾದಿದರೆ ರಬ್ಬರಿನ ಹಾಗಾಗುತ್ತದೆ, ನೀರಿನಲ್ಲಿ ಬೇಗ ಕರಗುವುದಿಲ್ಲ, ಪುಡಿಮೀನುಗಳು ಕಿತ್ತು ತಿನ್ನಲಾಗುವುದಿಲ್ಲ. ಕೆರೆಯ ಗೆಂಡೆಗೆ ಕಡಲೆಕಾಳಿನ ಗಾತ್ರದ ಗುಳಿಗೆ ಸಾಕು. ಬೇಯಿಸಿದ ಮೆಕ್ಕೆಜೋಳವೂ ಚೆನ್ನ. ಯಾವ ಕಾಳಾದರೂ ರಾತ್ರಿ ನೆನೆಸಿ ಬೇಯಿಸಿಯೇ ಹಾಕಿ, ಒಣಕಾಳು ಮೀನಿನ ಹೊಟ್ಟೆಯೊಳಗೆ ಊದಿಕೊಳ್ಳುತ್ತದೆ. ಕಾಟ್ಲಾಗೆ ಮಾತ್ರ ಗಟ್ಟಿ ಎರೆ ಒಗ್ಗದು. ಅಕ್ಕಿತೌಡು, ಕಡಲೆಕಾಯಿ ಹಿಂಡಿಯ ಪುಡಿ, ನೆನೆಸಿದ ಬ್ರೆಡ್ಡು ಸೇರಿಸಿ ಸಡಿಲವಾಗಿ ಕಲಸಿದರೆ ನೀರಿನಲ್ಲಿ ಮೋಡದ ಹಾಗೆ ಹರಡುತ್ತದೆ, ಅದನ್ನು ಸೋಸಲು ಬರುತ್ತದೆ. ಎರೆಹುಳು ಎಲ್ಲರಿಗೂ ಇಷ್ಟ, ತೊಂದರೆ ಅದೇ. ಜಿಲೇಬಿ ಮೀನೂ ಕ್ಯಾಟ್‌ಫಿಶ್ಶೂ ಮೊದಲು ಬಂದು ನುಂಗುತ್ತವೆ. ಇಂಗು, ಮೆಂತ್ಯದ ಪುಡಿ, ಸೋಂಪು ಎಂದು ಒಬ್ಬೊಬ್ಬರದು ಒಂದೊಂದು ಗುಟ್ಟು. ಒಂದು ಚಿಟಿಕೆ ಹಾಕಿ ನೋಡಿ, ಆದರೆ ಇನ್ನೂರು ರೂಪಾಯಿಯ ಸೆಂಟು ಬಾಟಲಿ ಬೇಡ. ಮೀನು ಕೂಡಿಸಲು ಎರೆ ಎರಚುವಾಗ ಒಂದೆರಡು ಹಿಡಿ ಸಾಕು. ಉಳಿದದ್ದು ಕೊಳೆತು ನೀರಿನ ಪ್ರಾಣವಾಯು ತಿನ್ನುತ್ತದೆ.

ಗುಂಡಿನ ವಿಷಯ

ಇದನ್ನು ತಾಯಂದಿರು ಗಮನವಿಟ್ಟು ಓದಬೇಕು. ಹಳೆ ಬ್ಯಾಟರಿಯ ಸೀಸವನ್ನು ಮನೆಯ ಒಲೆಯ ಮೇಲೆ ಕರಗಿಸಿ ಗುಂಡು ಎರಕ ಹೊಯ್ಯುವವರಿದ್ದಾರೆ. ಆ ಹೊಗೆ, ಆ ಧೂಳು ಮಗುವಿನ ಮಿದುಳಿಗೆ ನೇರ ವಿಷ, ಎಷ್ಟು ಕಡಿಮೆಯಾದರೂ ವಿಷವೇ. ಕೆಲವರು ಗುಂಡನ್ನು ಹಲ್ಲಿನಿಂದ ಕಚ್ಚಿ ದಾರಕ್ಕೆ ಒತ್ತುತ್ತಾರೆ, ಅದೂ ಕೂಡದು. ಕೆರೆಗೆ ಬಿದ್ದ ಸೀಸವನ್ನು ಕಲ್ಲುಹರಳು ಎಂದು ನುಂಗಿ ಹಂಸಗಳು ಸತ್ತದ್ದಕ್ಕೇ ಬ್ರಿಟನ್ನಿನಲ್ಲಿ 1987ರಲ್ಲಿ ಚಿಕ್ಕ ಸೀಸದ ಗುಂಡುಗಳ ಮಾರಾಟ ನಿಲ್ಲಿಸಿದರು. ಪೀಣ್ಯದ ಪಕ್ಕ ಇರುವ ನಮಗೆ ಹಳೆಯ ಕಬ್ಬಿಣದ ನಟ್ಟಿಗೇನು ಬರ? ನಡುವೆ ತೂತು ಹೇಗೂ ಇದೆ, ದಾರ ಪೋಣಿಸಿದರೆ ಜಾರುವ ಗುಂಡು ಸಿದ್ಧ. ಅಂಚು ದಾರ ಕತ್ತರಿಸದಂತೆ ಅರ ಹಾಕಿ ನಯ ಮಾಡಿಕೊಳ್ಳಿ.

ಕೊನೆಗೆ, ಗಾಳ ಕೈಗೆ ಚುಚ್ಚಿದರೆ. ಹಿಮ್ಮುಳ್ಳು ಒತ್ತಿದ ಗಾಳವಾದರೆ ಬಂದ ದಾರಿಯಲ್ಲೇ ಹಿಂದಕ್ಕೆ ಬರುತ್ತದೆ. ಒತ್ತಿರದಿದ್ದರೆ ಬಲವಂತವಾಗಿ ಕೀಳಬೇಡಿ, ಮಾಂಸ ಹರಿಯುತ್ತದೆ. ದಾರ ಕತ್ತರಿಸಿ, ಗಾಳ ಅಲುಗದಂತೆ ಬಟ್ಟೆ ಸುತ್ತಿ ಹತ್ತಿರದ ಆಸ್ಪತ್ರೆಗೆ ಹೋಗಿ. ಕಣ್ಣಿನ ಬಳಿ ಚುಚ್ಚಿದರೆ ಮುಟ್ಟುವುದೇ ಬೇಡ, ಒತ್ತದೆ, ಕೂಡಲೇ ಕಣ್ಣಾಸ್ಪತ್ರೆಗೆ ಕರೆದೊಯ್ಯಿರಿ. ಚಿಕ್ಕ ಗಾಯವಾದರೂ ಸೋಪುನೀರಿನಲ್ಲಿ ತೊಳೆದು, ಧನುರ್ವಾಯು ಚುಚ್ಚುಮದ್ದು ಯಾವಾಗ ಹಾಕಿಸಿದ್ದು ಎಂದು ವೈದ್ಯರಿಗೆ ಹೇಳಿ. ತುಂಡಾದ ತಂಗೂಸಿ, ಮುರಿದ ಗಾಳಗಳನ್ನು ದಡದಲ್ಲಿ ಬಿಡದೆ ಮುಚ್ಚಳವಿರುವ ಹಳೆ ಡಬ್ಬಿಯಲ್ಲಿ ಮನೆಗೆ ತನ್ನಿ. ಡಬ್ಬಿ ಮಕ್ಕಳ ಕೈಗೆ ಎಟುಕದ ಅಟ್ಟದ ಮೇಲಿರಲಿ.