ಕೊಬ್ಬರಿ, ಶುಂಠಿಗಳ ಅಂಚೆ ಮಾರಾಟ: ಸಾಗಣೆ ವೆಚ್ಚ ಗೊತ್ತುಪಡಿಸುವ ಕ್ರಮ

ಚನ್ನರಾಯಪಟ್ಟಣದ ಉಂಡೆ ಕೊಬ್ಬರಿ, ಅರಕಲಗೂಡು, ಹೊಳೆನರಸೀಪುರ ಕಡೆಯ ಶುಂಠಿ ಮುಂತಾದವುಗಳನ್ನು ಮಂಡಿಗೆ ಹಾಕದೆ, ಮೊಬೈಲ್ ಮೂಲಕ ಬೇಡಿಕೆ ಪಡೆದು ನೇರವಾಗಿ ಬಳಕೆದಾರರಿಗೆ ಕಳುಹಿಸಲು ಈಗ ಸಾಧ್ಯವಿದೆ. ಮಧ್ಯವರ್ತಿಯ ಪಾಲು ಉಳಿಯುವುದು ನಿಜ. ಆದರೆ ಅಂಚೆ ವೆಚ್ಚವನ್ನು ಬಾಯಂದಾಜಿನಲ್ಲಿ ಹೇಳಿದರೆ ಉಳಿದದ್ದೆಲ್ಲ ಅಂಚೆ ಕಚೇರಿಯ ಕಿಟಕಿಯಲ್ಲೇ ಕರಗುವುದು.

ತೂಕದ ಲೆಕ್ಕ

ಪಾರ್ಸೆಲ್ ದರವು ತೂಕ ಮತ್ತು ದೂರವನ್ನು ಅವಲಂಬಿಸಿದೆ. ತೂಕವೆಂದರೆ ಮಾಲು, ರಟ್ಟಿನ ಪೆಟ್ಟಿಗೆ, ಟೇಪು ಎಲ್ಲವೂ ಸೇರಿ. ದರದ ಹಂತ 500 ಗ್ರಾಂ ಇದ್ದಲ್ಲಿ, 2 ಕಿಲೋ ಕೊಬ್ಬರಿಗೆ 150 ಗ್ರಾಂ ಪೆಟ್ಟಿಗೆ ಸೇರಿದೊಡನೆ 2,500 ಗ್ರಾಂನ ದರ ತೆರಬೇಕಾಗುತ್ತದೆ. ಇಂತಹ ಸಂದರ್ಭದಲ್ಲಿ 1,800 ಗ್ರಾಂನ ಕಟ್ಟು ಮಾಡಿ ಮಾರುವುದು ಸೂಕ್ತ. ಇಲ್ಲವೇ 2,300 ಗ್ರಾಂ ತುಂಬಿ, ಅದಕ್ಕೆ ತಕ್ಕ ಬೆಲೆ ಪಡೆಯಬಹುದು. ಅನೇಕ ಕೊರಿಯರ್ ಸಂಸ್ಥೆಗಳು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿ, ಬಂದ ಕಿಲೋ ಹೆಚ್ಚಿದ್ದರೆ ಅದಕ್ಕೇ ದರ ಹಾಕುತ್ತವೆ. 30 x 25 x 20 ಅಳತೆಯ ಪೆಟ್ಟಿಗೆ 3 ಕಿಲೋ ಎನಿಸುತ್ತದೆ, ಒಳಗೆ ಎರಡೇ ಕಿಲೋ ಇದ್ದರೂ! ಆದ್ದರಿಂದ ಪೆಟ್ಟಿಗೆ ಮಾಲಿಗೆ ಹಿತವಾಗಿ ಹೊಂದುವಂತಿರಲಿ.

ದೂರ

ಬೆಲೆ ಹೇಳುವ ಮೊದಲು ಗಿರಾಕಿಯ ಪಿನ್‌ಕೋಡ್ ಕೇಳತಕ್ಕದ್ದು. 1972ರಲ್ಲಿ ಜಾರಿಗೆ ಬಂದ ಈ ಸಂಖ್ಯೆಯಿಂದ ದೂರ ತಿಳಿಯುತ್ತದೆ. ಹಾಸನ 573201, ಅರಕಲಗೂಡು 573102. ಬೆಂಗಳೂರಿನದು 560ರಿಂದ, ದೆಹಲಿಯದು 110ರಿಂದ ಆರಂಭ.

ಎಲ್ಲರಿಗೂ ಒಂದೇ ದರ ಇಡಬಹುದೇ? ಲೆಕ್ಕಕ್ಕಾಗಿ ಬೆಂಗಳೂರಿಗೆ 80 ರೂ., ದೆಹಲಿಗೆ 180 ರೂ. ಎಂದಿಟ್ಟುಕೊಳ್ಳೋಣ. ಹತ್ತು ಪಾರ್ಸೆಲ್‌ಗಳಲ್ಲಿ ಏಳು ಬೆಂಗಳೂರಿಗೆ, ಮೂರು ದೆಹಲಿಗೆ ಹೋದರೆ ಒಟ್ಟು 1,100 ರೂ. ತಲಾ 100 ರೂ. ಪಡೆದಿದ್ದರೆ 100 ರೂ. ಕೈಬಿಟ್ಟಿತು. ಐದೈದಾದರೆ ನಷ್ಟ 300 ರೂ. ಕೊಬ್ಬರಿಯಂತಹ ಭಾರದ ಮಾಲಿಗೆ ರಾಜ್ಯದೊಳಗೆ ಒಂದೇ ದರ, ಹೊರಗೆ ನಿಜವಾದ ವೆಚ್ಚ ಎಂಬ ಕ್ರಮವೇ ಲೇಸು. ದರಪಟ್ಟಿಯ ಮೇಲಿನ ಜಿಎಸ್‌ಟಿಯನ್ನೂ ಸೇರಿಸಿಕೊಳ್ಳಿ.

ಪೇಟೆಗೆ ಹೋಗಿಬರುವ ಖರ್ಚು ಅನೇಕರ ಲೆಕ್ಕಕ್ಕೇ ಬರುವುದಿಲ್ಲ. 40 ರೂ. ಬಸ್ಸಿನ ಖರ್ಚು ಒಂದು ಪಾರ್ಸೆಲ್ ಮೇಲೆ ಬಿದ್ದರೆ ಹೊರೆ; ಎಂಟರ ಮೇಲೆ ಹಂಚಿದರೆ ಐದೇ ರೂಪಾಯಿ. ವಾರಕ್ಕೆ ಎರಡು ದಿನ ಗೊತ್ತುಮಾಡಿ ಗಿರಾಕಿಗಳಿಗೆ ಮೊದಲೇ ತಿಳಿಸಿರಿ.

ಯಾವ ಮಾಲು?

ಹಾಸನದ ಆಲೂಗೆಡ್ಡೆ ಅಂಚೆಗೆ ತಕ್ಕ ಸರಕಲ್ಲ. ಸಾಗಣೆಯೇ ಬೆಲೆಯನ್ನು ಮೀರೀತು. ಹಸಿ ಶುಂಠಿಯಲ್ಲಿ ನೀರಿನ ತೂಕಕ್ಕೂ ಹಣ ತೆರುತ್ತೇವೆ. ನಾಲ್ಕೈದು ಕಿಲೋ ಹಸಿ ಶುಂಠಿ ಒಣಗಿದರೆ ಸುಮಾರು ಒಂದು ಕಿಲೋ ಆಗುವುದರಿಂದ ಒಣಶುಂಠಿಯೇ ಅನುಕೂಲ.

ಕೊಬ್ಬರಿಯ ಬಗ್ಗೆ ಒಂದು ಎಚ್ಚರಿಕೆ: ವಿಮಾನ ಸಾಗಣೆಯ ನಿಯಮಗಳಲ್ಲಿ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ಸರಕು. ಅದರ ವಿಶ್ವಸಂಸ್ಥೆಯ ಸಂಖ್ಯೆ 1363. ಪಾರ್ಸೆಲ್ ಮೇಲೆ ಒಳಗಿರುವ ಮಾಲಿನ ಹೆಸರು ಬರೆದು, ರಸ್ತೆ ಅಥವಾ ರೈಲಿನ ಮೂಲಕ ಹೋಗುವುದೇ ಎಂದು ಕಿಟಕಿಯಲ್ಲೇ ವಿಚಾರಿಸಿ, ಆ ದರವನ್ನೇ ಗಿರಾಕಿಗೆ ತಿಳಿಸತಕ್ಕದ್ದು.